ಗೃಹಪ್ರವೇಶಕ್ಕೆ ಬಂದು ಲಾರಿಯಿಂದ ಇಳಿಯದ ಕೆಂದಮ್ಮನವರಿಗೆ

ಒಂಟಿಕೊಪ್ಪಲು, ಮೈಸೂರು
ದೀಪಾವಳಿ ಕಳೆದ ವಾರ, ೧೯೫೨

ಮಾನ್ಯರೇ,

ಹಾಲಿನ ನಂಜಯ್ಯನವರ ಕೊಟ್ಟಿಗೆಯ ಹಿರಿಯರೂ, ನಮ್ಮ ಬೀದಿಯ ಬೆಳಗಿನ ಕಾಫಿಗೆ ಏಕೈಕ ಆಧಾರವೂ, ಕೆಂಪು ಮೈಯಿಂದಲೂ ಬಿಳಿ ಹಣೆಯಿಂದಲೂ ಶೋಭಿಸುವವರೂ ಆದ ಶ್ರೀಮತಿ ಕೆಂದಮ್ಮನವರ ನಾಲ್ಕೂ ಪಾದಗಳಿಗೆ ಸೌದೆ ಡಿಪೊ ಚೆಲುವರಾಜು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ, ತಾವು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ಆದರೆ ತಾವು ಇರುವುದೂ ಇಲ್ಲೇ. ನನ್ನ ಡಿಪೊ ಅಂಗಳದಲ್ಲಿ, ನನ್ನ ಲಾರಿಯ ಮೇಲೆ, ನಾನು ಆಸೆಪಟ್ಟು ಕಟ್ಟಿಸಿದ ಮನೆಯ ಕಿಟಕಿಯಿಂದ ಮುಖ ಹೊರಗೆ ಹಾಕಿ ತಾವು ಮೆಲುಕು ಹಾಕುತ್ತಿರುವುದು ಕೂತಲ್ಲಿಂದಲೇ ಕಾಣುತ್ತಿರುವುದರಿಂದ, ತಮ್ಮ ಕ್ಷೇಮದ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಇದನ್ನು ಗುಟ್ಟಾಗಿ ತಮ್ಮ ಕಿವಿಯಲ್ಲಿ ಹೇಳದೆ ಎಲ್ಲರೂ ಓದುವಂತೆ ಬರೆಯಲು ಕಾರಣ, ಬೀದಿಯವರೆಲ್ಲ ತಮ್ಮ ಪಕ್ಷ ಸೇರಿರುವುದು. ಒಬ್ಬನಾದರೂ ನನ್ನ ಕಡೆಗೆ ಬರಲಿ ಎಂಬ ಆಸೆ, ಅಷ್ಟೇ.

ಲಾರಿಯ ಮೇಲೆ ಮನೆ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮವ್ವ ದೇವೀರಮ್ಮನವರನ್ನು ತಾವು ಬಲ್ಲಿರಿ. ದಿನವೂ ಸಂಜೆ ತಮ್ಮ ಮುಂದೆ ಕಲಗಚ್ಚಿನ ಬೋಗುಣಿ ಇಟ್ಟು, ನನ್ನ ಮೇಲಿನ ದೂರುಗಳನ್ನೆಲ್ಲ ತಮ್ಮ ಬಳಿ ಹೇಳಿಕೊಳ್ಳುವವರು ಅವರೇ. ಅವರಿಗೆ ಚಿಕ್ಕತಾಯಮ್ಮ ಎಂಬ ಒಬ್ಬಳೇ ತಂಗಿ. ಸರಗೂರು ದಾಟಿ ಗಾಡಿಜಾಡು ಹಿಡಿದು ಹೋದರೆ ಸಿಗುವ ಹುಣಸೆಕೊಪ್ಪಲು ಎಂಬ ಊರಿಗೆ ಆಕೆಯನ್ನು ಕೊಟ್ಟಿದ್ದಾರೆ. ಬಹಳ ವರ್ಷಗಳ ಹಿಂದೆ ಆ ಚಿಕ್ಕಮ್ಮನ ಮಗನ ಮದುವೆಯಲ್ಲಿ, ಅವರೆಕಾಳು ಸಾರಿಗೆ ಉಪ್ಪು ಸಾಲದೆಂದು ನಮ್ಮವ್ವ ಬೀಗರ ಪಂಕ್ತಿಯಲ್ಲೇ ಕೂತು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು. ಹಾಗಾದರೆ ನಿನ್ನ ಮನೆಯಲ್ಲೇ ಉಂಡು ನಿನ್ನ ಮನೆಯಲ್ಲೇ ಮಲಗು ಎಂದು ಚಿಕ್ಕಮ್ಮ ಹತ್ತು ಜನಕ್ಕೆ ಕೇಳುವಂತೆ ಹೇಳಿದರು. ಅವ್ವ ಅಲ್ಲೇ ಎಲೆ ಬಿಟ್ಟೆದ್ದು, ಇನ್ನು ಮೇಲೆ ಸ್ವಂತ ಮನೆಯಲ್ಲಲ್ಲದೆ ಬೇರೆಲ್ಲೂ ಉಣ್ಣುವುದಿಲ್ಲ, ಮಲಗುವುದಿಲ್ಲ ಎಂದು ಆಣೆ ಇಟ್ಟರು. ಚಿಕ್ಕಮ್ಮ ಏನು ಕಡಿಮೆಯವರೇ, ಅಕ್ಕನ ಮನೆಯ ಹೊಸಲನ್ನು ಈ ಜನ್ಮದಲ್ಲಿ ತುಳಿಯುವುದಿಲ್ಲ ಎಂದು ಅವರೂ ಒಂದು ಆಣೆ ಇಟ್ಟರು. ಆಮೇಲೆ ಯುದ್ಧ ಬಂದು ಹೋಯಿತು, ಸ್ವಾತಂತ್ರ್ಯ ಬಂತು, ನಮ್ಮ ಮೈಸೂರು ಸಂಸ್ಥಾನವೇ ದೇಶದಲ್ಲಿ ವಿಲೀನವಾಯಿತು. ಈ ಇಬ್ಬರ ಆಣೆಗಳು ಮಾತ್ರ ಯಾವುದರಲ್ಲೂ ವಿಲೀನವಾಗಲಿಲ್ಲ.

ಹೋದ ಯುಗಾದಿಯ ಹೊತ್ತಿಗೆ ಸರಗೂರಿನ ಕಡೆಯಿಂದ ಸೌದೆ ತರುವವರು ಸುದ್ದಿ ತಂದರು. ಚಿಕ್ಕತಾಯಮ್ಮನ ಎರಡು ಕಣ್ಣಿಗೂ ಪೊರೆ ಬಂದಿದೆ, ಒಂದು ಆಗಲೇ ಹೋಗಿದೆ, ಇನ್ನೊಂದರಲ್ಲಿ ಮುಖ ತೀರ ಹತ್ತಿರ ತಂದರೆ ಮಾತ್ರ ಗುರುತು ಸಿಕ್ಕುತ್ತದೆ, ಅದೂ ಇನ್ನೆಷ್ಟು ದಿನವೋ ಎಂದು. ಅವ್ವ ಆಗ ರಾಗಿ ಬೀಸುತ್ತಿದ್ದರು. ಬೀಸುವ ಕಲ್ಲನ್ನು ಅರ್ಧಕ್ಕೆ ನಿಲ್ಲಿಸಿ, ಸೆರಗು ಕೊಡವಿಕೊಂಡು ಹಿತ್ತಿಲಿಗೆ ಹೋದವರು ಬಹಳ ಹೊತ್ತಿನ ಮೇಲೆ ಬಂದು ಹೇಳಿದರು: “ಅವಳ ಕಣ್ಣು ಪೂರಾ ಹೋಗೋದ್ರೊಳಗೆ ನನ್ ಮುಖ ಒಂದ್ಸಲ ನೋಡ್ಬುಡ್ಲಿ ಕಣ್ಲಾ ಚೆಲುವ. ಅವತ್ತು ಅಂದಿದ್ದು ಯಾರಿಗೆ ಅಂತ ಗ್ಯಾಪ್ಕ ಇರ್ಲಿ.”

ಹೋಗಬೇಕು ಸರಿ, ಆದರೆ ಆ ಕಾಡುದಾರಿಯಲ್ಲಿ ಒಂದೇ ದಿನಕ್ಕೆ ಹೋಗಿ ಬರಲಾಗುವುದಿಲ್ಲ. ನಡುವೆ ಉಣ್ಣಬೇಕು, ಮಲಗಬೇಕು; ಎರಡೂ ಸ್ವಂತ ಮನೆಯಲ್ಲೇ ಆಗಬೇಕು. ಅವ್ವ ಆಣೆ ಬಿಡುವವರಲ್ಲ. ಉಳಿದಿದ್ದು ಒಂದೇ ದಾರಿ, ಮನೆಯನ್ನೇ ಜೊತೆಗೆ ತೆಗೆದುಕೊಂಡು ಹೋಗುವುದು. ಹೇಗೂ ಡಿಪೊಗೆ ಒಂದು ಲಾರಿ ಬೇಕಾಗಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳನ್ನು ದಲ್ಲಾಳಿಯೊಬ್ಬ ಬನ್ನಿಮಂಟಪದ ಕಡೆಯ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ್ದ. ಅವ್ವನನ್ನೂ ನನ್ನ ಹೆಂಡತಿ ಮಂಗಳಮ್ಮನನ್ನೂ ಟಾಂಗಾದಲ್ಲಿ ಕೂರಿಸಿಕೊಂಡು, ಹೆಣ್ಣು ನೋಡಲು ಹೋದ ಹಾಗೆ ಹೋದೆ.

ಮೊದಲು ಕಣ್ಣಿಗೆ ಬಿದ್ದದ್ದು ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಒಂದು ಬಸ್ಸು. ಸೌದೆ ಇದ್ದಿಲು ಮಾರುವ ನನಗೆ ಅದನ್ನು ಕಂಡು ಒಡಹುಟ್ಟಿದವನು ಸಿಕ್ಕಷ್ಟು ಸಂತೋಷವಾಯಿತು. ಆದರೆ ಅದರ ಒಲೆ ಇದ್ದದ್ದು ಹಿಂದೆ, ಬಾಗಿಲಿನ ಪಕ್ಕದಲ್ಲಿ. ಹೊಸಲಲ್ಲಿ ಚಿತೆ ಹೊತ್ತಿಸಿಕೊಂಡು ಯಾರಾದರೂ ಸಂಸಾರ ಮಾಡುತ್ತಾರೆಯೇ ಎಂದು ಮಂಗಳಮ್ಮ ಕೇಳಿದಳು. ನಾನು ಮುಂದಿನ ಗಾಡಿಯ ಕಡೆಗೆ ನಡೆದೆ. ಎರಡನೆಯದು ಮಿಲಿಟರಿಯವರ ಆಂಬುಲೆನ್ಸು. ಒಳಗೆ ಮಂಚ, ಕಿಟಕಿಗೆ ಪರದೆ, ನೀರಿನ ಪೀಪಾಯಿ, ಎಲ್ಲ ಸಿದ್ಧವಾಗಿತ್ತು. ನಾನು ಹತ್ತಿ ಮಲಗಿಯೂ ನೋಡಿದೆ, ಏಳಲು ಮನಸ್ಸೇ ಬರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು, ಇದರಲ್ಲಿ ಮಲಗಿದವರ ಪೈಕಿ ಎದ್ದವರೆಷ್ಟು ಜನ ಎಂದು ದಲ್ಲಾಳಿಯನ್ನು ಕೇಳಿದರು. ಅವನು ದಲ್ಲಾಳಿಯಾದರೂ ಸತ್ಯವಂತ, ತಲೆ ಕೆರೆದುಕೊಂಡ. ನಾನು ತಟ್ಟನೆ ಎದ್ದುಬಿಟ್ಟೆ.

ಮೂರನೆಯದೇ ಈಗ ತಾವು ನಿಂತಿರುವ ಲಾರಿ. ಚಪ್ಪಟೆ ಮೂಗು, ಎತ್ತರದ ಗಾಲಿ, ಸುಣ್ಣದ ಗಾಣದಂಥ ಸದ್ದು. ಆದರೆ ನಾಲ್ಕು ಗಾಲಿಯೂ ಎಳೆಯುವಂಥದ್ದು, ಕೆಸರಾಗಲಿ ಹಳ್ಳವಾಗಲಿ ದಾಟುವಂಥದ್ದು. ನಾನು ಇಂಜಿನ್ ಮುಚ್ಚಳ ಎತ್ತುವಷ್ಟರಲ್ಲಿ ಅವ್ವ ಸ್ಟೂಲು ಹಾಕಿಸಿಕೊಂಡು ಹಿಂದೆ ಹತ್ತಿ, ಹಲಗೆಯ ಮೇಲೆ ಕಾಲು ಚಾಚಿ ಕೂತು, ಬೆನ್ನು ಒರಗಿಸಿ ನೋಡಿ, “ಕಾಲು ನೀಡ್ಕೋಬೋದು, ತಗೊ” ಎಂದುಬಿಟ್ಟರು. ಇಂಜಿನ್ ಚೆನ್ನಾಗಿದೆಯೋ ಇಲ್ಲವೋ ಎಂದು ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.

ಆಮೇಲೆ ಬಡಗಿ ದೊರೆಸ್ವಾಮಿಯವರನ್ನು ಕರೆಸಿ, ಲಾರಿಯ ಮೇಲೆ ಇಡಬಹುದಾದ, ಬೇಡವಾದಾಗ ಎತ್ತಿ ಇಳಿಸಬಹುದಾದ ಮರದ ಮನೆಯೊಂದನ್ನು ಮಾಡಿಸಿದೆ. ಸೌದೆ ತುಂಬುವ ದಿನ ಮನೆ ಕೆಳಗೆ, ತಿರುಗಾಟದ ದಿನ ಮನೆ ಮೇಲೆ. ನಾನು ಕೇಳಿದ್ದು ನಾಲ್ಕು ಗೋಡೆ, ಒಂದು ಕಿಟಕಿ, ಒಂದು ತಗಡಿನ ಸೂರು. ಅವ್ವ ಸೇರಿಸಿದ್ದು ಅರಿಸಿನ ಹಚ್ಚಲು ಹೊಸಲಿರುವ ಆಳೆತ್ತರದ ಬಾಗಿಲು, ದೇವರ ಗೂಡು, ಆಗ್ನೇಯ ಮೂಲೆಗೆ ಒಲೆ, ಬೀಸುವ ಕಲ್ಲಿಗೆ ಜಾಗ. ಲಾರಿ ತಿರುಗಿದಾಗಲೆಲ್ಲ ಆಗ್ನೇಯವೂ ತಿರುಗುತ್ತದಲ್ಲ ತಾಯಿ ಎಂದು ದೊರೆಸ್ವಾಮಿಯವರು ಉಳಿ ಹಿಡಿದುಕೊಂಡೇ ಕೇಳಿದರು. ನಿಂತಾಗ ಬಾಗಿಲು ಪೂರ್ವಕ್ಕೆ ಇದ್ದರೆ ಸಾಕು, ಓಡುವಾಗ ದೇವರು ಕಣ್ಣು ಮುಚ್ಚಿಕೊಂಡಿರುತ್ತಾನೆ ಎಂದು ಅವ್ವ ತೀರ್ಪು ಕೊಟ್ಟರು. ಲಾರಿ ಓಡಿಸುವವನು ನಾನೆಂಬುದು ಗೊತ್ತಿದ್ದೇ ಹಾಗೆಂದರೆಂದು ಕಾಣುತ್ತದೆ.

ಇಲ್ಲಿಯವರೆಗೆ, ಮಾನ್ಯರೇ, ತಮ್ಮ ತಪ್ಪು ಏನೂ ಇಲ್ಲ. ಮನೆ ಸಿದ್ಧವಾಗಿ, ಲಾರಿಯ ಮೇಲೆ ಕೂತು, ಪಾತ್ರೆ ಹಾಸಿಗೆಯೆಲ್ಲ ಒಳಗೆ ಸೇರಿ, ನಾಳೆ ಹೊರಡುವುದೆಂದಾಗ, ಗೃಹಪ್ರವೇಶ ಆಗದಿದ್ದರೆ ಇದು ಬರೀ ಪೆಟ್ಟಿಗೆ, ಮನೆಯಲ್ಲ ಎಂದು ಅವ್ವ ಹೇಳಿದರು. ಪೆಟ್ಟಿಗೆಯಲ್ಲಿ ಮಲಗಿದರೆ ಆಣೆ ಮುರಿದ ಹಾಗೆಯೇ. ಗೃಹಪ್ರವೇಶವೆಂದ ಮೇಲೆ ಮೊದಲು ಹಸು ಒಳಗೆ ಹೋಗಬೇಕು. ಹಸುವೆಂದ ಮೇಲೆ ನಮ್ಮ ಬೀದಿಯಲ್ಲಿ ತಮ್ಮ ಹೆಸರು ಬಿಟ್ಟು ಬೇರೆ ಯಾರ ಹೆಸರೂ ಯಾರಿಗೂ ಹೊಳೆಯುವುದಿಲ್ಲ. ನಂಜಯ್ಯನವರು ತಮ್ಮ ಕೊಂಬಿಗೆ ಎಣ್ಣೆ ಸವರಿ, ಕೊರಳಿಗೆ ಚೆಂಡುಹೂ ಕಟ್ಟಿ ಕರೆತಂದರು. ಲಾರಿಗೆ ಇಳಿಜಾರಾಗಿ ಹಲಗೆಯ ಏಣಿ ಇಳಿಬಿಟ್ಟಿದ್ದೆವು. ತಾವು ಅದನ್ನು ಹತ್ತಿದ ಗಾಂಭೀರ್ಯವನ್ನು ನಾನು ದಸರಾ ಮೆರವಣಿಗೆಯಲ್ಲೂ ಕಂಡಿಲ್ಲ. ಬಲಗಾಲಿಟ್ಟು ಒಳಗೆ ಹೋದಿರಿ, ಶುಭವೆಂದು ಎಲ್ಲರೂ ಕಾಯುತ್ತಿದ್ದುದನ್ನು ಧಾರಾಳವಾಗಿ ಹೊಸ ನೆಲದ ಮೇಲೆ ಹಾಕಿದಿರಿ, ಹಾಲು ಉಕ್ಕಿತು, ಪುರೋಹಿತರು ಮಂತ್ರ ಮುಗಿಸಿದರು. ಇನ್ನು ತಾವು ಹೊರಡಬಹುದು ಎಂಬ ಸೂಚನೆಯನ್ನು ನಂಜಯ್ಯನವರು ಹಗ್ಗದ ಮೂಲಕ ಕೊಟ್ಟರು. ತಾವು ಕಿಟಕಿಯಿಂದ ಚಾಮುಂಡಿಬೆಟ್ಟ ನೋಡುತ್ತ ನಿಂತುಬಿಟ್ಟಿರಿ.

ಎಳೆದೆವು, ತಳ್ಳಿದೆವು, ಬೆಲ್ಲ ತೋರಿಸಿದೆವು. ಬೀಸುವ ಕಲ್ಲು ಹಾಸಿಗೆ ಸುರುಳಿಗಳ ನಡುವೆ ತಮಗೆ ತಿರುಗಲು ಜಾಗವಿಲ್ಲವೆಂದು ಪುರೋಹಿತರು ಕಂಡುಹಿಡಿದರು. ಆದರೆ ಗೃಹಪ್ರವೇಶದ ದಿನ ಮನೆಯಿಂದ ಕಲ್ಲು ಹಾಸಿಗೆ ಹೊರಗೆ ಹಾಕುವುದುಂಟೇ ಎಂದು ಅವರೇ ಅಡ್ಡಿಯನ್ನೂ ಹೇಳಿದರು. ಮನೆಗೆ ಬಂದ ಮಹಾಲಕ್ಷ್ಮಿಯ ಮೇಲೆ ಕೈ ಮಾಡಿದರೆ ತಾನು ಲಾರಿ ಹತ್ತುವುದಿಲ್ಲವೆಂದು ಅವ್ವ ಹೇಳಿದರು. ಇತ್ತ ರಾಹುಕಾಲ ಹತ್ತಿರವಾಗುತ್ತಿತ್ತು. “ಇಷ್ಟು ದಿನ ಕಾದಿದ್ದೀವಿ ಕಣ್ರೀ, ಇನ್ನೊಂದು ವಾರ ಕಾಯೋ ಹೊತ್ಗೆ ಆಯಮ್ಮನ ಕಣ್ಣು ಏನಾಗ್ತದೋ” ಎಂದು ಮಂಗಳಮ್ಮ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು. ತಮ್ಮನ್ನು ಒಳಗಿಟ್ಟುಕೊಂಡೇ ಹೊರಟೆವು. ಹಸು ಹೋದ ಕಡೆ ತಾನೂ ಎಂದು ನಂಜಯ್ಯನವರು ಒಂದು ಹೊರೆ ಹುಲ್ಲು, ಒಂದು ಚೀಲ ಹಿಂಡಿಯೊಡನೆ ನನ್ನ ಪಕ್ಕದಲ್ಲಿ ಬಂದು ಕೂತರು. ಮಾರನೆಯ ದಿನ ಒಂಟಿಕೊಪ್ಪಲಿನಲ್ಲಿ ಕರಿಕಾಫಿ ಕುಡಿದವರೆಲ್ಲ ಶಾಪ ಹಾಕಿದ್ದು ನನಗೇ ಹೊರತು ತಮಗಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ದಾರಿಯ ಸುಖವನ್ನು ಎಷ್ಟು ಹೊಗಳಿದರೂ ಸಾಲದು. ಸರಗೂರಿನಾಚೆ ರಸ್ತೆ ಮುಗಿದು ಗಾಡಿಜಾಡು ಶುರುವಾದಾಗ ಲಾರಿ ತೊಟ್ಟಿಲಿನಂತೆ ತೂಗಿತು. ತಾವು ನಾಲ್ಕು ಕಾಲೂರಿ ನಿಂತಿದ್ದಿರಿ, ಅವ್ವ ತಮ್ಮ ಕೊರಳು ತಬ್ಬಿಕೊಂಡು ಕೂತಿದ್ದರು, ಮುಂದೆ ಕೂತ ನಮ್ಮ ಮೂವರ ತಲೆ ಮಾತ್ರ ತಗಡಿಗೆ ತಗುಲುತ್ತಿತ್ತು. ಸಿಕ್ಕಿದ ಹಳ್ಳಿಯಲ್ಲೆಲ್ಲ ಹೆಂಗಸರು ಅರಿಸಿನ ಕುಂಕುಮ ಹಿಡಿದು ಬಂದು ತಮಗೆ ಹಚ್ಚಿ, ಅಕ್ಕಿ ಬೆಲ್ಲ ತಿನ್ನಿಸಿ, ನನ್ನನ್ನು ಮಠದ ಡ್ರೈವರನೆಂದು ತಿಳಿದು ಪಕ್ಕಕ್ಕೆ ನಿಲ್ಲಲು ಹೇಳಿದರು. ಸಂಜೆ ತಂಗುವಾಗ ಬಾಗಿಲು ಪೂರ್ವಕ್ಕೆ ಬರುವ ತನಕ ಲಾರಿಯನ್ನು ಹಿಂದೆ ಮುಂದೆ ಆಡಿಸಿ ಒಂದು ಜೋಳದ ಹೊಲದ ಬೇಲಿ ಕೆಡವಿದೆ. ಒಳಗೆ ಅವ್ವ ಮತ್ತು ತಾವು ಮಲಗಿದಿರಿ. ಮಂಗಳಮ್ಮನಿಗೆ ಮುಂದಿನ ಸೀಟು ಸಿಕ್ಕಿತು. ಮನೆ ಕಟ್ಟಿಸಿದ ಯಜಮಾನನೂ ಹಸುವಿನ ಯಜಮಾನರೂ ಲಾರಿಯ ಅಡಿಯಲ್ಲಿ ಚಾಪೆ ಹಾಸಿಕೊಂಡೆವು. ಹಲಗೆಯ ಸಂದಿನಿಂದ ತಾವು ಆಗಾಗ ದಯಪಾಲಿಸಿದ ತೀರ್ಥದ ಬಗ್ಗೆ ನಾನು ದೂರುವುದಿಲ್ಲ, ಅದು ಪವಿತ್ರ. ನಂಜಯ್ಯನವರು ಜಾಗ ಬಲ್ಲವರು, ಮೊದಲೇ ಮುಂಗಾಲಿನ ಕಡೆಗೆ ಚಾಪೆ ಹಾಸಿಕೊಂಡಿದ್ದರು ಎಂಬುದಷ್ಟೇ ನನ್ನ ದುಃಖ.

ಹುಣಸೆಕೊಪ್ಪಲಿಗೆ ಬಂದು ಚಿಕ್ಕಮ್ಮನ ಮನೆಯ ಎದುರಿಗೆ ಲಾರಿ ನಿಲ್ಲಿಸಿದಾಗ ಅವ್ವನ ಬಾಗಿಲು ಚಿಕ್ಕಮ್ಮನ ಜಗಲಿಗೆ ಸರಿಯಾಗಿ ಎದುರಾಯಿತು. ಅವ್ವ ತನ್ನ ಹೊಸಲ ಮೇಲೆ ಕೂತರು. ಚಿಕ್ಕಮ್ಮ ತನ್ನ ಜಗಲಿಯ ಮೇಲೆ ಕೂತರು. ನಡುವೆ ಒಂದು ಬೀದಿ. ನಾನು ಮೈಸೂರಿಂದ ಇಲ್ಲೀವರೆಗೂ ಬಂದಿದ್ದೀನಿ, ಇನ್ನು ನಾಲ್ಕು ಹೆಜ್ಜೆ ಅವಳು ಬರಲಿ ಎಂದು ಅವ್ವ ನನ್ನ ಕೈಲಿ ಹೇಳಿಕಳಿಸಿದರು. ಬರುತ್ತಿದ್ದೆ, ಆದರೆ ಅವಳು ಹೊಸಲನ್ನೂ ಹೊತ್ತುಕೊಂಡು ಬಂದಿದ್ದಾಳಂತಲ್ಲ, ಅದನ್ನು ತುಳಿಯುವುದಿಲ್ಲವೆಂದು ಆಣೆಯಿದೆ ಎಂದು ಚಿಕ್ಕಮ್ಮ ಅದೇ ಕೈಲಿ ಹೇಳಿಕಳಿಸಿದರು. ಊರೆಲ್ಲ ಸೇರಿತು. ಬಿಸಿಲು ಇಳಿಯುತ್ತ ಬಂತು. ಬೆಳಕಿದ್ದಾಗಲೇ ಅಷ್ಟಿಷ್ಟು ಕಾಣುವ ಆ ಕಣ್ಣನ್ನು ಚಿಕ್ಕಮ್ಮ ಸೆರಗಿನ ತುದಿಯಿಂದ ಒರೆಸಿ ಒರೆಸಿ ಈ ಕಡೆಗೆ ನೋಡುತ್ತಿದ್ದರು. ಅಷ್ಟು ದೂರದಿಂದ ಅವರಿಗೆ ಅಕ್ಕನೂ ಒಂದೇ, ಬಾಗಿಲ ಕಂಬವೂ ಒಂದೇ. ಅದು ಅವ್ವನಿಗೂ ತಿಳಿಯುತ್ತಿತ್ತು. ಆದರೂ ಹೊಸಲು ಬಿಟ್ಟು ಏಳಲಿಲ್ಲ.

ಆಗ ತಾವು ಒಳಗಿನಿಂದ ಅಂಬಾ ಎಂದಿರಿ. ತಮಗೆ ಹಿಂಡಿಯ ಹೊತ್ತಾಗಿತ್ತು, ಬೇರೇನಲ್ಲ, ನನಗೆ ಗೊತ್ತು. ಚಿಕ್ಕಮ್ಮ ಕಿವಿ ನಿಮಿರಿಸಿ, ಒಳಗಿರುವುದು ಏನು ಎಂದು ಪಕ್ಕದವರನ್ನು ಕೇಳಿದರು. ಹಸು ಎಂದರು. ಹಸು ಕಟ್ಟಿದೆಯೋ ಎಂದರು. ಕಟ್ಟಿದೆ, ಹುಲ್ಲೂ ಹಾಕಿದೆ, ಸಗಣಿಯೂ ಇದೆ ಎಂದರು. ಚಿಕ್ಕಮ್ಮ ಕೋಲು ಊರಿಕೊಂಡು ಜಗಲಿ ಇಳಿದು, ಬೀದಿ ದಾಟಿ, ಏಣಿಯ ಬುಡಕ್ಕೆ ಬಂದು ನಿಂತು, ಅಷ್ಟು ವರ್ಷಗಳಲ್ಲಿ ಮೊದಲ ಸಲ ಅಕ್ಕನನ್ನು ನೇರವಾಗಿ ಮಾತಾಡಿಸಿದರು.

“ಅಕ್ಕಾ, ಇದು ನಿನ್ ಮನೆಯೋ ಕೊಟ್ಗೆಯೋ, ಸರ್ಯಾಗಿ ಹೇಳು. ಮನೆ ಅಂದ್ರೆ ನಾನು ಇಲ್ಲೇ ನಿಂತ್ಕತೀನಿ. ಕೊಟ್ಗೆಗೆ ಬರಕಿಲ್ಲ ಅಂತ ನಾನು ಆಣೆ ಇಟ್ಟಿಲ್ಲ.”

ಊರಿಗೆ ಊರೇ ಅವ್ವನ ಮುಖ ನೋಡಿತು. ಮನೆಯೆಂದರೆ ತಂಗಿ ಕೆಳಗೇ ನಿಲ್ಲುತ್ತಾಳೆ. ಕೊಟ್ಟಿಗೆಯೆಂದರೆ, ದಾರಿಯುದ್ದಕ್ಕೂ ಉಂಡು ಮಲಗಿದ್ದು ಕೊಟ್ಟಿಗೆಯಲ್ಲಿ ಎಂದಾಗುತ್ತದೆ; ಅಷ್ಟು ವರ್ಷ ಜೋಪಾನ ಮಾಡಿದ ಆಣೆ ಎಲ್ಲರ ಎದುರಿಗೆ ಮುರಿಯುತ್ತದೆ. ಅವ್ವ ಅರಿಸಿನ ಹಚ್ಚಿದ ಹೊಸಲನ್ನು ನೋಡಿದರು. ದೇವರ ಗೂಡನ್ನು ನೋಡಿದರು. ತಮ್ಮನ್ನೂ ನೋಡಿದರು. ಆಮೇಲೆ ಕೆಳಗೆ ಕೈ ನೀಡಿದರು.

“ಕೊಟ್ಗೆ ಕಣವ್ವ. ಬಾ.”

ಚಿಕ್ಕಮ್ಮ ಹತ್ತಿದರು. ಅಕ್ಕನ ಗಲ್ಲವನ್ನು ಎರಡು ಕೈಯಲ್ಲೂ ಹಿಡಿದು, ಇನ್ನೂ ಉಳಿದಿದ್ದ ಕಣ್ಣಿನ ಹತ್ತಿರಕ್ಕೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡು, ಇಳಿಬಿಸಿಲಿಗೆ ತಿರುಗಿಸಿ ತಿರುಗಿಸಿ ಬಹಳ ಹೊತ್ತು ನೋಡಿದರು. ಕೊನೆಗೆ, ಎಷ್ಟೊಂದು ಮುದುಕಿಯಾಗಿಬಿಟ್ಟಿದ್ದೀಯಲ್ಲೇ ಎಂದರು. ನಿನಗೇನು ಕಾಣುತ್ತೆ ಬಿಡು ಎಂದು ಅವ್ವ ಅಂದರು. ಇಬ್ಬರೂ ತಮ್ಮ ಬೆನ್ನಿಗೆ ಒರಗಿ ಅತ್ತರು. ತಾವು ಬಾಲ ಕೂಡ ಆಡಿಸಲಿಲ್ಲ. ಆ ಒಂದು ಸಭ್ಯತೆಗೆ ನಾನು ಋಣಿ.

ಆದರೆ ಮಾನ್ಯರೇ, ನನ್ನ ನಷ್ಟವನ್ನೂ ತಾವು ಕೇಳಬೇಕು. ಆಣೆ ಹೋದ ಮೇಲೆ ಅವ್ವನಿಗೆ ಯಾವ ತಡೆಯೂ ಉಳಿಯಲಿಲ್ಲ. ಅವತ್ತೇ ಬೀಸುವ ಕಲ್ಲು, ಹಾಸಿಗೆ ಎರಡನ್ನೂ ಚಿಕ್ಕಮ್ಮನ ಮನೆಗೆ ಹೊರಿಸಿದರು. ಒಳಗೆ ಜಾಗವಾಯಿತು. ತಾವು ರಾಜಠೀವಿಯಿಂದ ತಿರುಗಿ, ಯಾರೂ ಕರೆಯದೆಯೇ ಏಣಿ ಇಳಿದು, ಚಿಕ್ಕಮ್ಮನ ಹಿತ್ತಿಲಿನ ಹಸಿಹುಲ್ಲಿನ ಕಡೆಗೆ ನಡೆದಿರಿ. ಎಲ್ಲರೂ ಮೈಸೂರಿಗೆ ಮರಳಿದ ಮೇಲೆ ಈಗ ಅವ್ವ ಬಸ್ಸಿನಲ್ಲಿ ಓಡಾಡುತ್ತಾರೆ, ಸಿಕ್ಕಿದವರ ಮನೆಯಲ್ಲಿ ಉಣ್ಣುತ್ತಾರೆ, ಛತ್ರದಲ್ಲೂ ಮಲಗುತ್ತಾರೆ. ಮೊನ್ನೆಯೂ ಸರಗೂರಿನ ಬಸ್ಸು ಹತ್ತಿ, ಕಿಟಕಿಯಲ್ಲಿ ಕೂತು ನನಗೆ ಕೈ ಬೀಸಿದರು. ಲಾರಿ ತೆಗೆಯಲೇನವ್ವ ಎಂದು ಕೇಳಿದ್ದಕ್ಕೆ, ಕೊಟ್ಟಿಗೆಯಲ್ಲಿ ಯಾರು ಕೂರುತ್ತಾರೆ ಎಂದರು. ಇದನ್ನು ಕೇಳಿದ ಬಡಗಿ ದೊರೆಸ್ವಾಮಿಯವರು ನನ್ನನ್ನು ಮಾತಾಡಿಸುವುದನ್ನು ಬಿಟ್ಟಿದ್ದಾರೆ. ತಾವು ಮಾತ್ರ ದಿನವೂ ಸಂಜೆ ನಂಜಯ್ಯನವರ ಮನೆ ದಾಟಿ ಬಂದು, ನಾನು ಮರೆತು ಬಿಟ್ಟಿರುವ ಏಣಿಯನ್ನು ಹತ್ತಿ, ನನ್ನ ಮನೆಯಲ್ಲಿ ಬಿಡಾರ ಮಾಡುತ್ತೀರಿ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟು. ಮುಂದಿನ ಬೇಸಿಗೆಯಲ್ಲಿ ಜೋಗ ನೋಡಬೇಕೆಂದು ಮಂಗಳಮ್ಮ ಆಸೆಪಟ್ಟಿದ್ದಾಳೆ, ಅಷ್ಟರೊಳಗೆ ಮನೆ ಖಾಲಿ ಮಾಡಿಕೊಡಬೇಕು. ಖಾಲಿ ಮಾಡಲು ಮನಸ್ಸಿಲ್ಲದಿದ್ದರೆ, ಇದು ಮನೆಯೇ ಹೊರತು ಕೊಟ್ಟಿಗೆಯಲ್ಲ ಎಂದು ನಾಲ್ಕು ಜನರ ಮುಂದೆ ಗೊರಸು ಒತ್ತಿ ಒಪ್ಪಬೇಕು. ಅದೂ ಆಗದಿದ್ದರೆ ತಾವೇ ಲೈಸೆನ್ಸು ಮಾಡಿಸಿಕೊಂಡು ಮುಂದೆ ಕೂತು ಲಾರಿ ಓಡಿಸಿ, ನಾನು ಒಳಗೆ ನಿಂತು ಎಲೆಅಡಿಕೆ ಮೆಲ್ಲುತ್ತೇನೆ. ಮೂರರಲ್ಲಿ ಯಾವುದೂ ಆಗುವುದಿಲ್ಲವೆಂಬುದು ತಾವು ಈಗ ಕಿಟಕಿಯಿಂದ ನನ್ನನ್ನು ನೋಡುತ್ತಿರುವ ರೀತಿಯಲ್ಲೇ ತಿಳಿಯುತ್ತಿದೆ. ಆದರೂ ದೊಡ್ಡವರ ಮುಂದೆ ಕೇಳಿಕೊಳ್ಳುವುದು ಚಿಕ್ಕವರ ಧರ್ಮ.

ತಮ್ಮ ಹಾಲಿನ ಋಣದಲ್ಲಿ ಬೆಳಿಗ್ಗೆಯೂ ಸಂಜೆಯೂ ಇರುವ,
ತಮ್ಮ ವಿಶ್ವಾಸಿ,
ಚೆಲುವರಾಜು
(ಲಾರಿಯ ಮಾಲೀಕನೆಂದು ಕಾಗದದಲ್ಲಿರುವವನು)

ಮರೆತ ಮಾತು: ಮಾತು ಬಿಟ್ಟಿರುವ ಅತ್ತೆ ಸೊಸೆಯರಿಗಾಗಿ ನಜರ್‌ಬಾದಿನಿಂದ ಒಬ್ಬರು, ಪಾಲು ಮಾಡಿಕೊಂಡ ಅಣ್ಣತಮ್ಮಂದಿರಿಗಾಗಿ ನಂಜನಗೂಡಿನಿಂದ ಇನ್ನೊಬ್ಬರು ಲಾರಿಯನ್ನು ಬಾಡಿಗೆಗೆ ಕೇಳಿಕೊಂಡು ಬಂದಿದ್ದರು. ತಾವು ಒಳಗಿದ್ದರೆ ಮಾತ್ರ ಬೇಕಂತೆ, ಬರೀ ಲಾರಿ ಬೇಡವಂತೆ. ತಮ್ಮ ಹುಲ್ಲು ಹಿಂಡಿ ನೀರು ನೆರಳು ಎಲ್ಲದಕ್ಕೂ ಏರ್ಪಾಡು ಮಾಡುತ್ತಾರಂತೆ. ಡ್ರೈವರು ಊಟ ಮಾಡುತ್ತಾನೋ ಇಲ್ಲವೋ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.